ಅಕ್ಕನೊಡನೆ ನ್ಯೂಯಾರ್ಕಿನಲ್ಲಿ ಒಂದು ದಿನ

(ಸಂಘದ ಸಂಸ್ಥಾಪನಾ ದಿನಾಚರಣೆಯಲ್ಲಿ ಮಾಡಿದ ಭಾಷಣ)



ಈ ಶುಭ ಸಮಾರಂಭದಲ್ಲಿ ಎರಡು ಮಾತನಾಡಬೇಕೆಂದು ಕಾರ್ಯದರ್ಶಿಗಳು ಕೇಳಿದಾಗ, ವೈದ್ಯರೆಂದ ಮೇಲೆ ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಬಗ್ಗೆಯೇ ಮಾತನಾಡುತ್ತೇವೆಂದು ಅವರು ಎಣಿಸಿರಬಹುದು. ಆದರೆ ಒಳಗೆ ಹೋಳಿಗೆ ಸಿದ್ಧವಾಗುತ್ತಿರುವಾಗ ಹೊರಗೆ ಸಕ್ಕರೆಯ ವಿರುದ್ಧ ಭಾಷಣ ಮಾಡುವ ಧೈರ್ಯ ನಮಗಿಲ್ಲ. ಅದರ ಬದಲು, ಕಳೆದ ವರ್ಷ ಮೇ ತಿಂಗಳಲ್ಲಿ ಊರಿನಿಂದ ಬಂದಿದ್ದ ನಮ್ಮ ಅಕ್ಕನೊಡನೆ ನ್ಯೂಯಾರ್ಕ್ ನಗರ ನೋಡಿಬಂದ ಒಂದು ದಿನದ ವಿಷಯವನ್ನು ನಿಮ್ಮೊಡನೆ ಹಂಚಿಕೊಳ್ಳುತ್ತೇವೆ. ಮಾತು ಪ್ರವಾಸದಿಂದ ಶುರುವಾದರೂ ಮುಗಿಯುವುದು ನಮ್ಮೆಲ್ಲರ ಮನೆಯ ವಿಚಾರದಲ್ಲಿ.

ಊರಿನಿಂದ ಬಂದವರಿಗೆ ನಾವು ಏನು ತೋರಿಸುತ್ತೇವೆಂಬುದು ನಿಮಗೆಲ್ಲ ಗೊತ್ತು. ನಯಾಗರಾ ಜಲಪಾತ, ಟೈಮ್ಸ್ ಸ್ಕ್ವೇರಿನ ದೀಪಗಳು, ಎರಡು ದೇವಸ್ಥಾನ, ನಾಲ್ಕು ಮಾಲು, ಕೊನೆಗೆ ಬಾದಾಮಿ ಪಿಸ್ತಾ ಕೊಳ್ಳಲು ಕಾಸ್ಟ್ಕೋ. ನಮ್ಮ ಅಕ್ಕ ಹಾಸನದ ಕಡೆಯ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನದ ಉಪಾಧ್ಯಾಯಿನಿ. ಐವತ್ತಾರು ವರ್ಷ. "ಅಂಗಡಿ ಹಾಸನದಲ್ಲೂ ಇದೆ ಕಣೋ. ಪಾಠದಲ್ಲಿ ಬರುತ್ತಲ್ಲ, ಆ ಸ್ವಾತಂತ್ರ್ಯ ದೇವಿ, ಅವಳನ್ನ ತೋರಿಸು. ಮಕ್ಕಳು ಕೇಳ್ತಾರೆ" ಎಂದಳು. ಹಾಗಾಗಿ ಒಂದು ಶನಿವಾರ ಬೆಳಿಗ್ಗೆ ಪುಳಿಯೋಗರೆ, ಚಪಾತಿ, ಚಟ್ನಿಪುಡಿ ಕಟ್ಟಿಕೊಂಡು, ರೇಷ್ಮೆ ಸೀರೆಯ ಕೆಳಗೆ ನಮ್ಮ ಮಗಳ ಸ್ನೀಕರ್ಸ್ ತೊಟ್ಟ ಅಕ್ಕನೊಡನೆ, ನಮ್ಮ ನ್ಯೂಜೆರ್ಸಿಯ ಊರಿನಿಂದ ರೈಲು ಹತ್ತಿದೆವು.

ಪೆನ್ ಸ್ಟೇಷನ್ನಿನಲ್ಲಿ ಇಳಿದು, ಭೂಗತ ರೈಲಿನಲ್ಲಿ ಮ್ಯಾನ್‌ಹಾಟನ್ನಿನ ದಕ್ಷಿಣ ತುದಿಗೆ ಹೋಗಿ, ವಿಮಾನ ನಿಲ್ದಾಣದ ಹಾಗೆಯೇ ತಪಾಸಣೆ ಮಾಡಿಸಿಕೊಂಡು ದೋಣಿ ಹತ್ತಿದ್ದಾಯಿತು. ಮೊದಲು ಸಿಗುವುದು ಲಿಬರ್ಟಿ ದ್ವೀಪ. ಫ್ರಾನ್ಸಿನ ಶಿಲ್ಪಿ ಬಾರ್ತೋಲ್ಡಿ ರೂಪಿಸಿದ ಈ ಪ್ರತಿಮೆಯ ಒಳಗಿನ ಕಬ್ಬಿಣದ ಅಸ್ಥಿಪಂಜರವನ್ನು ಕಟ್ಟಿಕೊಟ್ಟವರು, ಮುಂದೆ ಪ್ಯಾರಿಸ್ಸಿನ ಗೋಪುರದಿಂದ ಹೆಸರಾದ ಐಫೆಲ್. 1886ರ ಅಕ್ಟೋಬರ್ 28ರಂದು ಅನಾವರಣವಾಯಿತು. ಪೀಠವೂ ಸೇರಿ ಎತ್ತರ 305 ಅಡಿ. ಅಷ್ಟು ದೊಡ್ಡ ಪ್ರತಿಮೆಯ ತಾಮ್ರದ ಹೊದಿಕೆಯ ದಪ್ಪ ಎರಡೂವರೆ ಮಿಲಿಮೀಟರಿಗಿಂತಲೂ ಕಡಿಮೆ. "ನಮ್ಮನೆ ಹಂಡೆ ಇದಕ್ಕಿಂತ ಗಟ್ಟಿ ಇರಬೇಕು" ಎಂದು ಅಕ್ಕ ನಕ್ಕಳು. ದೇವಿಯ ಪಾದದ ಬಳಿ ಮುರಿದ ಸಂಕೋಲೆ ಇದೆ. ಕೆಳಗೆ ನಿಂತು ನೋಡುವವರಿಗೆ ಅದು ಸುಲಭವಾಗಿ ಕಾಣುವುದಿಲ್ಲ.

ಆ ದ್ವೀಪಕ್ಕೂ ಈ ಸಭೆಗೂ ಒಂದು ನೇರ ಸಂಬಂಧವಿದೆ. ಮಕ್ಕಳು ಇದನ್ನು ನೆನಪಿಟ್ಟುಕೊಳ್ಳಬೇಕು. 1917ರ ಕಾನೂನು ಭಾರತವೂ ಸೇರಿ ಏಷ್ಯಾದ ಬಹುಭಾಗದ ಜನಕ್ಕೆ ಈ ದೇಶದ ಬಾಗಿಲು ಮುಚ್ಚಿತ್ತು. 1946ರಲ್ಲಿ ಅದು ಚೂರು ತೆರೆಯಿತು. ಎಷ್ಟು? ಇಡೀ ಭಾರತಕ್ಕೆ ವರ್ಷಕ್ಕೆ ನೂರು ಮಂದಿ! ನಮ್ಮ ಸಂಘದ ಒಂದು ಯುಗಾದಿ ಊಟಕ್ಕೆ ಅದಕ್ಕಿಂತ ಹೆಚ್ಚು ಎಲೆ ಹಾಕುತ್ತೇವೆ. 1965ರ ಅಕ್ಟೋಬರ್ 3ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಅವರು ಇದೇ ದ್ವೀಪದಲ್ಲಿ, ಪ್ರತಿಮೆಯ ಬುಡದಲ್ಲಿ ಕುಳಿತು ಹೊಸ ವಲಸೆ ಕಾನೂನಿಗೆ ಸಹಿ ಹಾಕಿದರು. ಇಲ್ಲಿ ಮುಂದಿನ ಸಾಲಿನಲ್ಲಿ ಕುಳಿತಿರುವ ನಮ್ಮ ಹಿರಿಯ ವೈದ್ಯರು, ಇಂಜಿನಿಯರುಗಳು ಬಂದದ್ದು ಆ ಸಹಿಯ ಬಲದಿಂದ. ಅವರು ಕಟ್ಟಿದ ಸಂಘದಲ್ಲಿ, ಎಷ್ಟೋ ವರ್ಷಗಳ ನಂತರ ಎಂ.ಬಿ.ಬಿ.ಎಸ್. ಮುಗಿಸಿ ರೆಸಿಡೆನ್ಸಿಗೆಂದು ಬಂದ ನಮ್ಮಂಥವರಿಗೆ ಮೊದಲ ವಾರವೇ ಹುಳಿ ಅನ್ನ ಸಿಕ್ಕಿತು.

ಅದೇ ಕಾನೂನಿನಲ್ಲಿ ಇನ್ನೊಂದು ಮಾತಿತ್ತು. ಇಲ್ಲಿಯ ಪೌರರ ಅಣ್ಣತಮ್ಮ, ಅಕ್ಕತಂಗಿಯರಿಗೆಂದು ಕ್ರಮದ ವೀಸಾಗಳಲ್ಲಿ ಶೇಕಡಾ 24 ಭಾಗವನ್ನು ಮೀಸಲಿಟ್ಟಿದ್ದರು. 1990ರ ಕಾನೂನು ಆ ವರ್ಗಕ್ಕೆ ವರ್ಷಕ್ಕೆ 65,000 ಎಂದು ನಿಗದಿ ಮಾಡಿತು. ಇದು ಇಡೀ ಜಗತ್ತಿಗೆ. ಭಾರತದವರ ಸರದಿ ಬರಲು ಇಂದು ಹದಿನೈದು ವರ್ಷಕ್ಕೂ ಮೀರಿ ಕಾಯಬೇಕು. ಅಕ್ಕನ ಹೆಸರಿನಲ್ಲಿ ಅಂಥ ಒಂದು ಅರ್ಜಿ ಹಾಕಬೇಕೆಂಬುದು ನಮ್ಮ ಬಹುದಿನದ ಆಸೆ. ಪ್ರತಿಮೆಯ ನೆರಳಿನಲ್ಲಿ ಆ ಮಾತು ಎತ್ತಿದೆವು. ಅಕ್ಕ ಉತ್ತರ ಕೊಡಲಿಲ್ಲ. "ದೋಣಿ ಬಂತು, ನಡಿ" ಎಂದಳು.

ಎರಡನೆಯ ನಿಲ್ದಾಣ ಎಲ್ಲಿಸ್ ದ್ವೀಪ. ಬಹಳ ಮಂದಿ ಅಲ್ಲಿ ಇಳಿಯದೆ ದೋಣಿಯಲ್ಲೇ ಕುಳಿತು ವಾಪಸು ಬಂದುಬಿಡುತ್ತಾರೆ. ದಯವಿಟ್ಟು ಇಳಿಯಿರಿ. 1892ರಿಂದ 1954ರವರೆಗೆ ಸುಮಾರು ಒಂದು ಕೋಟಿ ಇಪ್ಪತ್ತು ಲಕ್ಷ ಮಂದಿ ಈ ಬಾಗಿಲಿನಿಂದ ಒಳಗೆ ಬಂದರು. 1907ರ ಏಪ್ರಿಲ್ 17ರ ಒಂದೇ ದಿನ 11,747 ಮಂದಿ! 1892ರ ಜನವರಿ ಒಂದರಂದು, ದ್ವೀಪ ತೆರೆದ ದಿನ, ಮೊಟ್ಟಮೊದಲು ಹೆಸರು ಬರೆಸಿದವಳು ಐರ್ಲೆಂಡಿನ ಹುಡುಗಿ ಆನೀ ಮೂರ್. ಹದಿನೇಳು ವರ್ಷ. ತಂದೆ ತಾಯಿ ಆಗಲೇ ನ್ಯೂಯಾರ್ಕಿನಲ್ಲಿದ್ದರು. ಇಬ್ಬರು ತಮ್ಮಂದಿರನ್ನು ಕರೆದುಕೊಂಡು ಆ ಹುಡುಗಿ ಅಟ್ಲಾಂಟಿಕ್ ಸಾಗರ ದಾಟಿದ್ದಳು. ಅಧಿಕಾರಿಗಳು ಅವಳ ಕೈಗೆ ಹತ್ತು ಡಾಲರಿನ ಚಿನ್ನದ ನಾಣ್ಯ ಕೊಟ್ಟರು. ಅಲ್ಲಿ ಅವಳ ಕಂಚಿನ ಪ್ರತಿಮೆಯಿದೆ. ಅಕ್ಕ ಅದರ ಮುಂದೆ ಬಹಳ ಹೊತ್ತು ನಿಂತಳು. "ಅಕ್ಕ ಅಂದ್ರೆ ಇವಳು ನೋಡು. ಇಬ್ಬರನ್ನೂ ದಡ ಮುಟ್ಟಿಸಿದಳಲ್ಲ" ಎಂದಳು. ನಮ್ಮ ಮೊದಲ ವಿಮಾನದ ಟಿಕೆಟ್ಟಿಗಾಗಿ ಶಿಕ್ಷಕರ ಸೊಸೈಟಿಯಲ್ಲಿ ಸಾಲ ತೆಗೆದವಳು ಯಾರೆಂಬುದು ಅವಳಿಗೆ ನೆನಪಿತ್ತೋ ಇಲ್ಲವೋ, ನಮಗೆ ನೆನಪಿತ್ತು.

ವೈದ್ಯರಾದವರಿಗೆ ಆ ಕಟ್ಟಡದ ಮೆಟ್ಟಿಲುಗಳೇ ಒಂದು ಪಾಠ. ಗಂಟುಮೂಟೆ ಹೊತ್ತು ಮೆಟ್ಟಿಲು ಹತ್ತುವವರನ್ನು ಸರ್ಕಾರದ ವೈದ್ಯರು ನಿಂತು ಗಮನಿಸುತ್ತಿದ್ದರು. ಯಾರು ಏದುಸಿರು ಬಿಡುತ್ತಾರೆ? ಯಾರು ಕುಂಟುತ್ತಾರೆ? ಒಬ್ಬೊಬ್ಬರಿಗೆ ಸಿಗುತ್ತಿದ್ದುದು ಕೆಲವೇ ಸೆಕೆಂಡುಗಳು. ಅನುಮಾನ ಬಂದರೆ ಕೋಟಿನ ಮೇಲೆ ಸೀಮೆಸುಣ್ಣದಲ್ಲಿ ಒಂದು ಅಕ್ಷರ: ಹೃದಯಕ್ಕೆ 'ಎಚ್', ಕುಂಟುವವರಿಗೆ 'ಎಲ್', ಕಣ್ಣಿಗೆ 'ಇ', ಬುದ್ಧಿಭ್ರಮಣೆಯ ಶಂಕೆಗೆ 'ಎಕ್ಸ್'. ಕುರುಡಾಗಿಸುವ ಟ್ರಕೋಮಾ ರೋಗವಿದೆಯೇ ಎಂದು ನೋಡಲು, ಬೂಟಿನ ಗುಂಡಿ ಹಾಕುವ ಕೊಕ್ಕೆಯಿಂದ ಕಣ್ಣಿನ ರೆಪ್ಪೆಯನ್ನು ಹಿಂದುಮುಂದು ಮಾಡುತ್ತಿದ್ದರು. ಕೆಲವರು ಕೋಟನ್ನೇ ತಿರುವಿ ಹಾಕಿಕೊಂಡು ಗುರುತನ್ನು ಮರೆಮಾಡಿ ಪಾರಾದರಂತೆ. "ನಮ್ಮ ಏಳನೇ ಕ್ಲಾಸಿನ ಹುಡುಗರ ಬುದ್ಧಿ" ಎಂದು ಅಕ್ಕನಿಗೆ ಬಲು ಖುಷಿ.

ನಗು ಬಂದರೂ ವೃತ್ತಿಯವರಿಗೆ ಕಸಿವಿಸಿಯಾಗದೆ ಇರದು. ಅದೇ ದ್ವೀಪದ ಆಸ್ಪತ್ರೆಯಲ್ಲಿ ಸಾವಿರಾರು ಮಂದಿ ವಾಸಿಯಾಗಿ ಊರು ಸೇರಿದರು. ಸುಮಾರು 350 ಶಿಶುಗಳು ಅಲ್ಲಿಯೇ ಹುಟ್ಟಿದವು. ಸುಮಾರು 3,500 ಮಂದಿ ನಗರವನ್ನು ಕಣ್ಣಳತೆಯಲ್ಲೇ ಇಟ್ಟುಕೊಂಡು ಕಣ್ಣು ಮುಚ್ಚಿದರು. ಗುರುತು ಹಾಕಿದ ಕೈಗೂ ಗುಣಪಡಿಸಿದ ಕೈಗೂ ಒಂದೇ ವಿದ್ಯೆ. ನಾವೂ ಇಲ್ಲಿ ನೆಲೆಸುವ ಮುನ್ನ ರಕ್ತ, ಚುಚ್ಚುಮದ್ದು, ಕ್ಷಯದ ಪರೀಕ್ಷೆಯೆಂದು ಸಾಲಿನಲ್ಲಿ ನಿಂತವರೇ ಅಲ್ಲವೇ?

ಮೇಲಿನ ದೊಡ್ಡ ಹಜಾರದಲ್ಲಿ ಹೆಸರು, ಕಸುಬು, ಕೈಯಲ್ಲಿರುವ ಹಣ ಎಂದು ಪ್ರಶ್ನೆಗಳ ಸರಮಾಲೆ. ಅದು ಮುಗಿದ ಮೇಲೆ ಇಳಿಯಲು ಮೂರು ಓಣಿಯ ಮೆಟ್ಟಿಲು. ಅದಕ್ಕೆ 'ಅಗಲಿಕೆಯ ಮೆಟ್ಟಿಲು' ಎಂದೇ ಹೆಸರು. ಬಲಕ್ಕೆ ಹೋದರೆ ರೈಲಿನ ಟಿಕೆಟ್ಟು, ಎಡಕ್ಕೆ ಹೋದರೆ ನ್ಯೂಯಾರ್ಕಿನ ದೋಣಿ, ನಡುವಿನಲ್ಲಿ ಇಳಿದವರಿಗೆ ತಡೆಕೋಣೆ. ಕೊನೆಗೆ ವಾಪಸು ಕಳಿಸಲ್ಪಟ್ಟವರು ನೂರಕ್ಕೆ ಇಬ್ಬರು ಮಾತ್ರ. ಆದರೆ ಆ ಇಬ್ಬರಲ್ಲಿ ಒಬ್ಬರು ನಮ್ಮ ಮನೆಯವರಾದರೆ ಲೆಕ್ಕ ಯಾರಿಗೆ ಬೇಕು? ಸವೆದ ಆ ಮೆಟ್ಟಿಲ ಮೇಲೆ ನಿಂತು ಅಕ್ಕ ಒಂದು ಪ್ರಶ್ನೆ ಕೇಳಿದಳು: "ಬಂದವರ ಕಥೆ ಎಲ್ಲಾ ಗೋಡೆ ಮೇಲೆ ಬರೆದಿದ್ದಾರೆ. ಬರದೆ ಊರಲ್ಲೇ ಉಳಿದವರದ್ದು ಎಲ್ಲಿದೆ?"

ನಮ್ಮ ಬಳಿ ಉತ್ತರವಿರಲಿಲ್ಲ. ಹೊರಗೆ ಬಂದು, ನೀರಿನಾಚೆ ಕಾಣುವ ಗಗನಚುಂಬಿಗಳನ್ನು ನೋಡುತ್ತ ಪುಳಿಯೋಗರೆಯ ಡಬ್ಬಿ ಬಿಚ್ಚಿದಾಗ ಅವಳೇ ಮಾತು ಮುಂದುವರಿಸಿದಳು.

"ನನ್ನ ಹೆಸರಲ್ಲಿ ಅರ್ಜಿ ಹಾಕಬೇಡ ಕಣೋ. ಅದು ಬರೋ ಹೊತ್ತಿಗೆ ನಂಗೆ ಎಪ್ಪತ್ತು ದಾಟಿರುತ್ತೆ. ದುಡ್ಡೂ ಜಾಸ್ತಿ ಕಳಿಸಬೇಡ, ಕಳಿಸ್ತಿರೋದೇ ಸಾಕು. ನಂಗೆ ಬೇಕಾಗಿರೋದು ಸರದಿ. ಅಮ್ಮನ್ನ ನೋಡ್ಕೊಳ್ಳೋದು ಭಾರ ಅಂತ ಅಲ್ಲ. ವರ್ಷಕ್ಕೆ ಮೂರು ವಾರ ನೀನು ಬಂದು ಅಮ್ಮನ ಪಕ್ಕ ಮಲಗು. ನಾನು ಮೂರು ವಾರ ಚೆನ್ನಾಗಿ ನಿದ್ದೆ ಮಾಡ್ತೀನಿ."

ನಮ್ಮ ತಾಯಿಗೆ ಎಂಬತ್ತೆರಡು. ಸೊಂಟದ ಮೂಳೆ ಮುರಿದು ಶಸ್ತ್ರಚಿಕಿತ್ಸೆಯಾದ ಮೇಲೆ ರಾತ್ರಿ ಎದ್ದರೆ ಹಿಡಿದುಕೊಳ್ಳಲು ಒಬ್ಬರು ಬೇಕು. ಅಕ್ಕ ಇಲ್ಲಿಗೆ ಬಂದ ಆ ಮೂರು ವಾರ ಅವಳ ಮಗಳು ರಜೆ ಹಾಕಿ ಅಜ್ಜಿಯ ಬಳಿ ಇದ್ದಳು. ಸ್ನೇಹಿತರೇ, ರೆಸಿಡೆನ್ಸಿ ಮಾಡಿದ ಯಾರನ್ನಾದರೂ ಕೇಳಿ ನೋಡಿ. ಒಂದು ರಾತ್ರಿ ಪಾಳಿ ಮಾಡಿದರೆ ಬೆಳಿಗ್ಗೆ ಬಿಡುಗಡೆ ಮಾಡಲು ಇನ್ನೊಬ್ಬರು ಬರುತ್ತಾರೆ. ವಾರದ ಕೆಲಸಕ್ಕೆ ಸರಾಸರಿ 80 ಗಂಟೆ ಮೀರಬಾರದೆಂಬ ನಿಯಮವನ್ನು 2003ರಲ್ಲಿ ದೇಶಾದ್ಯಂತ ತಂದರು, ಏಕೆಂದರೆ ನಿದ್ದೆಗೆಟ್ಟ ವೈದ್ಯರಿಂದ ರೋಗಿಗೇ ಅಪಾಯ. ಊರಿನಲ್ಲಿ ಉಳಿದ ನಮ್ಮ ಅಕ್ಕ, ತಂಗಿ, ಅಣ್ಣ, ತಮ್ಮ, ಅತ್ತಿಗೆಯರಿಗೆ ಅಂಥ ನಿಯಮ ಯಾರು ಮಾಡಿದ್ದಾರೆ? ಅವರ ಪಾಳಿ ಪಟ್ಟಿಯಲ್ಲಿ ಎಲ್ಲ ರಾತ್ರಿಯೂ ಒಂದೇ ಹೆಸರು.

ಸಂಜೆ ಕ್ವೀನ್ಸಿನ ಫ್ಲಶಿಂಗಿಗೆ ಹೋಗಿ, 1977ರಲ್ಲಿ ಪ್ರತಿಷ್ಠಾಪನೆಯಾದ ಗಣೇಶನ ದರ್ಶನ ಮಾಡಿ, ದೇವಸ್ಥಾನದ ಕ್ಯಾಂಟೀನಿನಲ್ಲಿ ದೋಸೆ ತಿಂದು ಮನೆ ಸೇರಿದೆವು. "ದೋಸೆ ಪರವಾಗಿಲ್ಲ, ಚಟ್ನಿಗೆ ಇನ್ನೊಂದು ಹಸಿಮೆಣಸಿನಕಾಯಿ ಬೇಕಿತ್ತು" ಎಂಬುದು ಅಕ್ಕನ ತೀರ್ಪು.

ಈ ವರ್ಷ ಜನವರಿಯಲ್ಲಿ ನಾವು ಆಸ್ಪತ್ರೆಗೆ ರಜೆ ಹಾಕಿ ಊರಿಗೆ ಹೋಗಿ ಮೂರು ವಾರ ತಾಯಿಯ ರಾತ್ರಿ ಪಾಳಿ ಮಾಡಿ ಬಂದೆವು. ಅಕ್ಕ ಎರಡು ದಿನ ನಿದ್ದೆ ಮಾಡಿದಳು. ಮೂರನೆಯ ದಿನ ಸಹೋದ್ಯೋಗಿಗಳೊಡನೆ ಬಾದಾಮಿ, ಐಹೊಳೆ, ಪಟ್ಟದಕಲ್ಲಿಗೆ ಹೊರಟಳು. ಮೂವತ್ತು ವರ್ಷ ಚಾಲುಕ್ಯರ ಪಾಠ ಮಾಡಿದವಳು ಬಾದಾಮಿಯನ್ನು ನೋಡಿದ್ದು ಅದೇ ಮೊದಲು.

ಕೊನೆಯದಾಗಿ ಮೂರು ಸಣ್ಣ ವಿನಂತಿಗಳು. ಒಂದು, ವೈದ್ಯರ ಮಾತು: ಊರಿನಿಂದ ಬರುವವರಿಗೆ ವಿಮಾನ ಹತ್ತುವ ಮೊದಲೇ ಆರೋಗ್ಯ ವಿಮೆ ಮಾಡಿಸಿ, ಅವರ ಔಷಧಿಗಳ ಕಂಪನಿ ಹೆಸರಲ್ಲದೆ ಮೂಲ ಹೆಸರನ್ನೂ ಬರೆಸಿ ತರಿಸಿ, ಏಕೆಂದರೆ ಅಲ್ಲಿಯ ಹೆಸರು ಇಲ್ಲಿಯ ಔಷಧಿ ಅಂಗಡಿಗೆ ತಿಳಿಯದು. ಎರಡು, ಒಡಹುಟ್ಟಿದವರು ಬಂದಾಗ ಒಂದು ದಿನವನ್ನು ಮಕ್ಕಳಿಲ್ಲದೆ, ಅಂಗಡಿಯಿಲ್ಲದೆ, ಅವರೊಬ್ಬರೊಡನೆಯೇ ಕಳೆಯಿರಿ. ಫೋನಿನಲ್ಲಿ ಹತ್ತು ವರ್ಷ ಆಡದ ಮಾತು ಒಂದು ದೋಣಿಯ ಮೇಲೆ ಬರುತ್ತದೆ. ಮೂರು, "ಏನು ಕಳಿಸಲಿ?" ಎಂದು ಕೇಳುವ ಜೊತೆಗೆ "ಯಾವಾಗ ಬರಲಿ?" ಎಂದೂ ಕೇಳಿ. ವೀಸಾದ ತೊಡಕಿನಿಂದ ಹೋಗಲಾಗದವರೂ ನಮ್ಮಲ್ಲಿದ್ದಾರೆ, ಬಲ್ಲೆವು. ಅಂಥವರು ಊರಿನಲ್ಲಿ ರಾತ್ರಿಗೊಬ್ಬ ಸಹಾಯಕಿಯನ್ನು ಗೊತ್ತುಮಾಡುವ ಹೊಣೆಯನ್ನಾದರೂ ಇಲ್ಲಿಂದಲೇ ಹೊರಬಹುದು.

ಹೋಳಿಗೆ ಆರುತ್ತಿದೆ.  ಸಂಘ ನೂರ್ಕಾಲ ಬಾಳಲಿ.