ಹೊಗೆಯಿಲ್ಲದ ಬೆಂಕಿ



ಬೆಂಕಿಯಿಲ್ಲದೆ ಹೊಗೆಯಾಡದು ಎಂಬ ಗಾದೆಯನ್ನು ಮೂವತ್ತು ವರ್ಷ ತರಗತಿಯಲ್ಲಿ ವಿಸ್ತರಿಸಿ ಹೇಳಿದವನು ನಾನು. ಹೊಗೆಯಾಡದೆಯೂ ಬೆಂಕಿಯಿರಬಹುದೆಂದು ತಿಳಿದದ್ದು ಮಾತ್ರ ನಿವೃತ್ತನಾದ ಮೇಲೆ.

ನಮ್ಮ ಮನೆ ದಾವಣಗೆರೆಯ ಆನೆಕೊಂಡದಲ್ಲಿ. ಹತ್ತಿ ಗಿರಣಿಗಳ ಊರಿನಲ್ಲಿ ಬೆಳೆದವರಿಗೆ ಚಿಮಣಿಯ ಹೊಗೆಯೇ ದುಡಿಮೆಯ ಗುರುತು; ಕೊಳೆಯ ಗುರುತೂ ಅದೇ. ಗಿರಣಿಗಳು ಬಹುಪಾಲು ನಿಂತುಹೋದುವು, ನನ್ನ ಅಳತೆಗೋಲು ಮಾತ್ರ ಬದಲಾಗಲಿಲ್ಲ. ಬೆಂಗಳೂರಿನ ಮಗನ ಮನೆಗೆ ಹೋದಾಗ ಯಲಹಂಕದ ಅನಿಲ ವಿದ್ಯುದಾಗಾರವನ್ನು ದೂರದಿಂದ ಕಂಡೆ. ಕರ್ನಾಟಕ ವಿದ್ಯುತ್ ನಿಗಮದ 370 ಮೆಗಾವಾಟ್ ಸಾಮರ್ಥ್ಯದ ಈ ಸ್ಥಾವರ ಉದ್ಘಾಟನೆಯಾದದ್ದು 2024ರ ಸೆಪ್ಟೆಂಬರಿನಲ್ಲಿ. ಚಿಮಣಿಯ ಮೇಲೆ ಬರಿಯ ಆಕಾಶ. "ಎಷ್ಟು ನಿರ್ಮಲವಾಗಿದೆ!" ಎಂದೆ. ಪಕ್ಕದಲ್ಲಿದ್ದ ಮೊಮ್ಮಗಳು, "ಅಜ್ಜಾ, ಹೊಗೆ ಕಾಣದಿದ್ರೆ ಏನೂ ಹೊರಗೆ ಬರ್ತಿಲ್ಲ ಅಂತಾನಾ?" ಎಂದಳು. ಉತ್ತರ ನನ್ನಲ್ಲಿರಲಿಲ್ಲ.

ಓದಿ ತಿಳಿದೆ. ಆ ಅನಿಲ ಬರುವುದು ದಾಭೋಲ್‌ನಿಂದ ಬೆಂಗಳೂರಿಗೆ 2013ರಲ್ಲಿ ಹರಿಯತೊಡಗಿದ ಕೊಳವೆಯ ದಾರಿಯಲ್ಲಿ. ನಮ್ಮ ಜಿಲ್ಲೆಯ ನೆಲದಡಿಯಲ್ಲಿಯೇ ಅದು ಹಾಯುತ್ತದೆ. ಅದರ ಮುಖ್ಯಾಂಶ ಮೀಥೇನ್. ಒಂದು ಕಿಲೋ ಮೀಥೇನ್ ಉರಿದರೆ ಎರಡೂ ಮುಕ್ಕಾಲು ಕಿಲೋ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಉರಿಯ ಕಾವಿಗೆ ಗಾಳಿಯಲ್ಲಿನ ಸಾರಜನಕವೇ ಆಮ್ಲಜನಕದೊಡನೆ ಕೂಡಿ ಉಸಿರಿಗೆ ಕೆಡುಕಾದ ಆಕ್ಸೈಡುಗಳಾಗುತ್ತವೆ.

ಯಂತ್ರದ ಜಾಣ್ಮೆಯನ್ನೂ ಹೇಳಬೇಕು. ಉರಿದ ಅನಿಲ ಒಂದು ಟರ್ಬೈನನ್ನು ತಿರುಗಿಸುತ್ತದೆ. ಅದು ಹೊರಬಿಡುವ ಕಾವಿನಿಂದ ಹಬೆಯೆದ್ದು ಇನ್ನೊಂದು ತಿರುಗುತ್ತದೆ. ಇಂಥ ಸ್ಥಾವರದಲ್ಲಿ ಒಂದು ಯೂನಿಟ್ಟಿಗೆ ಸುಮಾರು 400 ಗ್ರಾಂ ಇಂಗಾಲದ ಡೈಆಕ್ಸೈಡ್. ಕಲ್ಲಿದ್ದಲಿನಲ್ಲಾದರೆ ಅದರ ಇಮ್ಮಡಿಗೂ ಮಿಗಿಲು, ಜೊತೆಗೆ ಬೂದಿಯ ರಾಶಿ. ಇದು ಸಣ್ಣ ಲಾಭವಲ್ಲ. ಆದರೂ ಪೂರ್ಣ ಸಾಮರ್ಥ್ಯದಲ್ಲಿ ಒಂದು ಗಂಟೆ ನಡೆದರೆ 3,70,000 ಯೂನಿಟ್ ವಿದ್ಯುತ್ತು, ಅದರ ಬೆನ್ನಿಗೇ ಸುಮಾರು 148 ಟನ್ ಕಾಣದ ಅನಿಲ. ಮತ್ತೆ ಮತ್ತೆ ನಿಲ್ಲಿಸಿ ಹಚ್ಚಿದರೆ ಯೂನಿಟ್ಟಿನ ಪಾಲು ಇನ್ನೂ ಏರುತ್ತದೆ.

ಹಾಗಾದರೆ ಇದೇಕೆ ಬೇಕು? ಹಗಲಿನಲ್ಲಿ ಪಾವಗಡದ 2,050 ಮೆಗಾವಾಟಿನ ಸೌರ ಫಲಕಗಳು ದುಡಿಯುತ್ತವೆ. ಹೊತ್ತು ಮುಳುಗಿದೊಡನೆ ಅವು ಸುಮ್ಮನಾಗುತ್ತವೆ. ಮನೆಮನೆಯ ದೀಪ ಹೊತ್ತುವುದೂ ಆಗಲೇ. ಆ ಸಂಜೆಯ ಏರಿಗೆ ಬೇಗನೆ ಹೆಗಲು ಕೊಡುವ ಶಕ್ತಿ ಬೇಕು. ಶರಾವತಿಯ ನೀರು ಈ ಕೆಲಸವನ್ನು ಏನನ್ನೂ ಉರಿಸದೆ ಮಾಡಬಲ್ಲುದು. ಮಳೆ ಕೈಕೊಟ್ಟ ವರ್ಷ ಆ ನೀರಿಗೂ ಮಿತಿಯುಂಟು. ಆಗ ಅನಿಲದ ಸರದಿ.

ಅಂದರೆ ಆ ಬೆಂಕಿಯನ್ನು ಹಚ್ಚುವವರಲ್ಲಿ ನಾನೂ ಒಬ್ಬ. ನಮ್ಮ ಮನೆಯಲ್ಲಿ ನೀರೆತ್ತುವ ಮೋಟಾರನ್ನು ಸಂಜೆ ಏಳಕ್ಕೆ ಹಾಕುವುದು ರೂಢಿಯಾಗಿತ್ತು. ಈಗ ಮಧ್ಯಾಹ್ನ ಹಾಕುತ್ತೇವೆ. ಒಂದು ಮೋಟಾರಿನಿಂದ ಏನಾದೀತೆಂದು ನಮ್ಮ ಮನೆಯವರು ನಕ್ಕರು. ಹೆಚ್ಚೇನೂ ಆಗದು, ಆದರೆ ಆ ಸಂಜೆಯ ಏರು ಇಂಥ ಒಂದೊಂದು ಮೋಟಾರೇ ಸೇರಿ ಆದದ್ದು. ಮೊಮ್ಮಗಳಿಗೆ ಕಾಗದ ಬರೆದೆ: ನಿನ್ನ ಅಜ್ಜ ಗಾದೆಯನ್ನು ಅರ್ಧವೇ ಓದಿದ್ದನಮ್ಮ.