ಬೆಂಕಿಯೊಳಗಿನ ಕೀಲೆಣ್ಣೆ

ಮಾನ್ವಿ, ದೇವದುರ್ಗಗಳ ರೈತರು ಬಂಡಿಯ ಅಚ್ಚಿಗೆ ಕೀಲೆಣ್ಣೆ ಹಚ್ಚುವುದು ಸವೆತವನ್ನು ತಡೆಯಲೆಂದು. ಎಣ್ಣೆಯೇ ಉರಿದುಹೋಗುವ ತಾಪದಲ್ಲಿ ಗತಿಯೇನು?

ರಾಯಚೂರಿನ ಸಮೀಪ ಶಕ್ತಿನಗರದಲ್ಲಿ 1985ರಲ್ಲಿ ಮೊದಲ ಘಟಕ ಆರಂಭವಾದ ಶಾಖೋತ್ಪನ್ನ ವಿದ್ಯುತ್ ಕೇಂದ್ರವನ್ನು ನೆನೆಯಿರಿ. ಇಂಥ ಕೇಂದ್ರಗಳಲ್ಲಿ ಹಾರುಬೂದಿಯ ಬೆಣಚುಕಣಗಳು ಬಾಯ್ಲರಿನ ಉಕ್ಕಿನ ಕೊಳವೆಗಳನ್ನು ತೇಯುತ್ತವೆ. ಕೊಳವೆಯೊಂದು ತೂತಾದರೆ ಇಡೀ ಘಟಕವನ್ನೇ ನಿಲ್ಲಿಸಬೇಕಾಗುತ್ತದೆ.

ಟೈಟಾನಿಯಂ ಡೈಬೋರೈಡಿನಂಥ ಲೋಹಬೋರೈಡುಗಳು ಉಕ್ಕಿಗಿಂತ ಬಹು ಕಠಿಣ. ಕರಗಲು 3,000 ಡಿಗ್ರಿ ಸೆಲ್ಸಿಯಸ್ ಮೀರಬೇಕು. ಕಾಯ್ದಾಗ ಅವುಗಳ ಮೈಮೇಲೆ ಬೋರಾನ್ ಆಕ್ಸೈಡಿನ ಪದರ ಮೂಡುತ್ತದೆ. 450 ಡಿಗ್ರಿಯ ಮೇಲೆ ಅದು ದ್ರವವಾಗಿ, ತಾನೇ ಕೀಲೆಣ್ಣೆಯಾಗಿ, ಘರ್ಷಣೆಯನ್ನು ತಗ್ಗಿಸುತ್ತದೆ. ಸುಮಾರು 1,100 ಡಿಗ್ರಿ ದಾಟಿದರೆ ಅದೂ ಆವಿಯಾಗಿ ಹಾರಿಹೋಗುತ್ತದೆ.

ಬೋರೈಡು ಪೆಡಸು, ಪೆಟ್ಟಿಗೆ ಬಿರಿಯುತ್ತದೆ. ಉಕ್ಕು ಪೆಟ್ಟು ತಾಳುತ್ತದೆ, ಆದರೆ ಸವೆಯುತ್ತದೆ. ಉಕ್ಕಿಗೆ ಬೋರೈಡಿನ ತೆಳುಲೇಪ ಕೊಡುವುದೇ ಎರಡರ ಕೊರತೆಗೂ ಮದ್ದೆಂದು ನಾನು ಭಾವಿಸುತ್ತೇನೆ.