ಹರಳಿಗೊಂದು ಕವಚ
(ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ನಿನ್ನೆ ರಾತ್ರಿ ಊಟಕ್ಕೆ ಕೂತಾಗ ದೊಡ್ಡಪ್ಪ, "ಇಷ್ಟು ವರ್ಷ ಓದಿ ಏನು ಮಾಡ್ತಿದ್ದೀಯಪ್ಪ?" ಎಂದು ಕೇಳಿದರು. "ಕಣ್ಣಿಗೆ ಕಾಣದ ಹರಳಿಗೆ ಕವಚ ಹಾಕ್ತೀನಿ" ಅಂದೆ. ನಕ್ಕುಬಿಟ್ಟರು. ಅವರು ಈಗ ಮುಂದಿನ ಸಾಲಿನಲ್ಲೇ ಇದ್ದಾರೆ. ಉಳಿದ ಉತ್ತರ ಇಲ್ಲಿ ಕೊಡುತ್ತೇನೆ.

ನನ್ನ ಹರಳುಗಳು ಕ್ಯಾಡ್ಮಿಯಂ ಸೆಲೆನೈಡ್ ಎಂಬ ಅರೆವಾಹಕದವು. ಒಂದೊಂದೂ ಸುಮಾರು 4 ನ್ಯಾನೋಮೀಟರ್. ಸಾಲಾಗಿ ಇಟ್ಟರೆ ಒಂದು ಮಿಲಿಮೀಟರಿಗೆ ಎರಡೂವರೆ ಲಕ್ಷ ಹಿಡಿಸುತ್ತವೆ. ಕ್ವಾಂಟಮ್ ಚುಕ್ಕೆ ಎನ್ನುವುದು ಇವನ್ನೇ. 2023ರ ರಸಾಯನಶಾಸ್ತ್ರದ ನೊಬೆಲ್ ಬಂದದ್ದು ಇವುಗಳ ಕೆಲಸಕ್ಕೇ. ಬರಿಯ ಹರಳಿನ ಮೇಲ್ಮೈಯಲ್ಲಿ ಜೊತೆ ಸಿಗದ ಪರಮಾಣುಗಳಿರುತ್ತವೆ, ಬೆಳಕಾಗಬೇಕಾದ ಶಕ್ತಿ ಅಲ್ಲಿ ಸೋರಿಹೋಗುತ್ತದೆ. ಅದನ್ನು ತಡೆಯಲು ಕ್ಯಾಡ್ಮಿಯಂ ಸಲ್ಫೈಡಿನ ಕವಚ.

ಹರಳು ಸುಮ್ಮನೆ ಕೂರುವುದಿಲ್ಲ. ಇಡೀ ಹರಳು ಉಸಿರಾಡುವಂತೆ ಸೆಕೆಂಡಿಗೆ ಹತ್ತಿರ ಹತ್ತಿರ ಲಕ್ಷ ಕೋಟಿ ಸಲ ಉಬ್ಬಿ ಕುಗ್ಗುತ್ತದೆ. ಒಳಗೆ ಪಕ್ಕಪಕ್ಕದ ಪರಮಾಣುಗಳು ಅದಕ್ಕಿಂತಲೂ ಬೇಗ ನಡುಗುತ್ತವೆ. ಇವೆರಡನ್ನೂ ಅಳೆಯುವುದು 1928ರಲ್ಲಿ ಸಿ. ವಿ. ರಾಮನ್ ಕಂಡ ಪರಿಣಾಮದಿಂದಲೇ.

ಕವಚ ಹಾಕಿ ಅಳೆದಾಗ ಮೊದಲನೆಯ ಕಂಪನ ಇಳಿದಿತ್ತು, ಎರಡನೆಯದು ಏರಿತ್ತು. ಉಪಕರಣ ಕೆಟ್ಟಿದೆ ಎಂದುಕೊಂಡು ಮೂರು ತಿಂಗಳು ಕಳೆದೆ. ತಪ್ಪು ನನ್ನದು. ರಜೆಗೆ ಬಂದಾಗ ನಮ್ಮ ದೇವಸ್ಥಾನದ ಭಜನೆಯಲ್ಲಿ ಮೃದಂಗ ಶ್ರುತಿ ಮಾಡುವುದನ್ನು ನೋಡುತ್ತಾ ಕೂತಿದ್ದೆ. ಎಡಮುಖಕ್ಕೆ ಕಲಸಿದ ರವೆ ಮೆತ್ತಿದರು, ನಾದ ತಗ್ಗಿತು. ಬಲಗಡೆ ಅಂಚಿಗೆ ಕಲ್ಲಿನಿಂದ ಬಡಿದು ಬಿಗಿ ಮಾಡಿದರು, ನಾದ ಏರಿತು. (ಮೃದಂಗದ ಕರಣೆಯ ಗುಟ್ಟನ್ನೂ ರಾಮನ್ ಅಭ್ಯಾಸ ಮಾಡಿದ್ದರು.) ನನ್ನ ಹರಳಿನಲ್ಲೂ ಎರಡೂ ಒಟ್ಟಿಗೇ ನಡೆದಿದ್ದವು. ಕವಚದಿಂದ ಹರಳು ದಪ್ಪವಾಗಿ ಭಾರವಾಯಿತು, ಉಸಿರು ನಿಧಾನವಾಯಿತು. ಸಲ್ಫೈಡಿನ ಪರಮಾಣುಗಳ ನಡುವಿನ ಅಂತರ ಸೆಲೆನೈಡಿನದಕ್ಕಿಂತ ಸುಮಾರು ಶೇಕಡ 4 ಕಡಿಮೆ. ಹಾಗಾಗಿ ಕವಚ ತಿರುಳನ್ನು ಬಿಗಿಹಿಡಿಯಿತು, ಒಳಗಿನ ನಡುಕ ಚುರುಕಾಯಿತು.

ಬಿಗಿತ ಮಿತಿಮೀರಿದರೆ ಕವಚದಲ್ಲಿ ದೋಷ ಹುಟ್ಟಿ ಬೆಳಕು ಮತ್ತೆ ಸೋರುತ್ತದೆ. ಹರಳು ಒಡೆಯದೆಯೇ ಈ ಬಿಗಿತವನ್ನು ಹೇಳುವುದು ಆ ಕಂಪನ.

ದೊಡ್ಡಪ್ಪ, ಉಪಯೋಗ ಕೇಳಿದಿರಲ್ಲ. ಕೆಲವು ಟಿ.ವಿ. ಪರದೆಗಳ ಬಣ್ಣ ಇಂಥ ಹರಳುಗಳದ್ದು. ಆದರೆ ಕ್ಯಾಡ್ಮಿಯಂ ವಿಷ, ಎಸೆದ ಟಿ.ವಿ.ಯಿಂದ ಅದು ಮಣ್ಣಿಗೆ ಸೇರಬಾರದು. ಬದಲಿಗೆ ಇಂಡಿಯಂ ಫಾಸ್ಫೈಡ್ ಇದೆ. ಅದಕ್ಕೆ ಜಿಂಕ್ ಸಲ್ಫೈಡಿನ ಕವಚ ನೇರವಾಗಿ ಹಾಕಿದರೆ ಅಂತರದ ವ್ಯತ್ಯಾಸ ಶೇಕಡ 7ಕ್ಕೂ ಹೆಚ್ಚು. ಆದ್ದರಿಂದ ನಡುವೆ ಜಿಂಕ್ ಸೆಲೆನೈಡಿನ ಒಂದು ಪದರ ಇಡುತ್ತಾರೆ. ಆ ಪದರ ಎಷ್ಟು ದಪ್ಪ ಇರಬೇಕೆಂದು ಕಂಪನ ನೋಡಿ ಹೇಳುವುದೇ ಈಗ ನನ್ನ ಕೆಲಸ. ಇನ್ನೂ ಮುಗಿದಿಲ್ಲ.